ಬುಶಿಂಗ್‌ನ ಟ್ಯಾನ್ ಡೆಲ್ಟಾ (ಇನ್ಸುಲೇಷನ್‌ನಲ್ಲಿ ಆಗುವ ನಷ್ಟದ ಅಳತೆ) ಮಿತಿಯೊಳಗೇ ಇದೆ, ಆದರೆ ವರ್ಷವರ್ಷ ಏರುತ್ತಿದೆ. ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡೋದಾ (ಮತ್ತೆ ಆನ್ ಮಾಡೋದಾ), ಬೇಡವಾ?

ಬಿ_ಫೇಸ್
ಎಲ್ಲರಿಗೂ ನಮಸ್ಕಾರ. ನಮ್ಮ 220 ಕೆವಿ ಸ್ಟೇಷನ್‌ನಲ್ಲಿ ವಾರ್ಷಿಕ ಶಟ್‌ಡೌನ್ ನಡೆಯುತ್ತಿದೆ. ಒಂದು ಪವರ್ ಟ್ರಾನ್ಸ್‌ಫಾರ್ಮರ್ ಆಫ್ ಮಾಡಿ ಟೆಸ್ಟ್‌ಗಳನ್ನೆಲ್ಲ ಮುಗಿಸಿದ್ದೇವೆ. ಐಆರ್ (ಇನ್ಸುಲೇಷನ್ ರೆಸಿಸ್ಟೆನ್ಸ್) ಚೆನ್ನಾಗಿದೆ, ಎಣ್ಣೆಯ ಬಿಡಿವಿ (ಅದು ತಡೆಯುವ ವೋಲ್ಟೇಜ್) ಚೆನ್ನಾಗಿದೆ, ವೈಂಡಿಂಗ್ ರೆಸಿಸ್ಟೆನ್ಸ್ ಹಳೆಯದಕ್ಕೆ ಸರಿಹೊಂದುತ್ತದೆ. ತಲೆನೋವು ಇರುವುದು ಎಚ್‌ವಿ (ಹೈ ವೋಲ್ಟೇಜ್) ಬುಶಿಂಗ್‌ಗಳಲ್ಲಿ, ಅಂದರೆ ಕಂಡಕ್ಟರನ್ನು ಟ್ಯಾಂಕ್‌ನಿಂದ ಹೊರತರುವ ಇನ್ಸುಲೇಟರ್‌ಗಳಲ್ಲಿ. ಮೂರೂ ಎಣ್ಣೆ-ಕಾಗದದ ಬುಶಿಂಗ್, ಒಂದೇ ಕಂಪನಿಯವು, ಒಂದೇ ವರ್ಷದವು.

ಟ್ಯಾನ್ ಡೆಲ್ಟಾ ಆರ್ ಫೇಸ್‌ನಲ್ಲಿ ಶೇ 0.36, ವೈ ಫೇಸ್‌ನಲ್ಲಿ ಶೇ 0.38. ಇವೆರಡೂ ಹೋದ ವರ್ಷ ಇದ್ದಷ್ಟೇ ಇವೆ. ಬಿ ಫೇಸ್ ಮಾತ್ರ ಶೇ 0.61. ಹೋದ ವರ್ಷ 0.44 ಇತ್ತು, ಅದರ ಹಿಂದಿನ ವರ್ಷ 0.37.

"ಮಿತಿ 0.7 ಅಲ್ವಾ, ಒಳಗಡೆ ಇದೆ, ತೃಪ್ತಿಕರ ಅಂತ ಬರಿ, ಸಂಜೆ ಚಾರ್ಜ್ ಮಾಡೋಣ" ಅನ್ನುತ್ತಾರೆ ಹಿರಿಯರು. ಲೋಡ್ ಪೂರ್ತಿ ಪಕ್ಕದ ಟ್ರಾನ್ಸ್‌ಫಾರ್ಮರ್ ಮೇಲೆ ಬಿದ್ದಿದೆ, ಅವರ ಅವಸರವೂ ಅರ್ಥವಾಗುತ್ತದೆ. ಆದರೂ ನನಗೆ ಮನಸ್ಸು ಒಪ್ಪುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ರಿ?

ಹಳೇ_ಮೆಗ್ಗರ್
ಮೊದಲು ಪಿಂಗಾಣಿ ಒರೆಸಿ. ಆಮೇಲೆ ಬಿಸಿಲೇರಿದ ಮೇಲೆ ಇನ್ನೊಂದು ಸಲ ತೆಗೆಯಿರಿ. ಬೆಳಗಿನ ತೇವದಲ್ಲಿ ಬಂದ ರೀಡಿಂಗ್ ನೋಡಿ ಬುಶಿಂಗ್‌ಗೆ ಮರಣಪತ್ರ ಬರೆಯಬೇಡಿ. ಟೆಸ್ಟ್ ಟ್ಯಾಪ್‌ನ (ಬುಶಿಂಗ್‌ನಲ್ಲಿ ಅಳತೆಗೆಂದು ಇಟ್ಟ ಟರ್ಮಿನಲ್) ಒಳಗೂ ಒರೆಸಿ, ಅಲ್ಲಿ ಒಂದು ಹನಿ ನೀರಿದ್ದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಎಚ್‌ವಿ ಟರ್ಮಿನಲ್ ಮೂರನ್ನೂ ನ್ಯೂಟ್ರಲ್ ಜೊತೆ ಸೇರಿಸಿ ಶಾರ್ಟ್ ಮಾಡಿದ್ರಿ ತಾನೆ? ಇಲ್ಲದಿದ್ದರೆ ವೈಂಡಿಂಗ್‌ನ ಇಂಡಕ್ಟೆನ್ಸ್ ಬಂದು ನಡುವೆ ಕೂರುತ್ತದೆ.

ಮೈಕ್ರೋಓಮ್
ಕೆಪಾಸಿಟೆನ್ಸ್ ಎಷ್ಟು? ಅದನ್ನು ಬಿಟ್ಟು ಟ್ಯಾನ್ ಡೆಲ್ಟಾ ಮಾತ್ರ ಹೇಳಿದರೆ ಅರ್ಧ ಕಥೆ.

ಬಿ_ಫೇಸ್
@ಹಳೇ_ಮೆಗ್ಗರ್ ಹೌದು, ಶಾರ್ಟ್ ಮಾಡಿಯೇ ತೆಗೆದದ್ದು. 10 ಕೆವಿ, ಯುಎಸ್‌ಟಿ ಮೋಡ್ (ನೆಲಕ್ಕೆ ಹೋಗುವ ಕರೆಂಟ್ ಬಿಟ್ಟು ಅಳೆಯುವುದು). ಒರೆಸಿದ್ದು ಮೇಲೆ ಮೇಲೆ ಅಷ್ಟೇ, ಇನ್ನೊಂದು ಸಲ ಸರಿಯಾಗಿ ಒರೆಸುತ್ತೇವೆ.
@ಮೈಕ್ರೋಓಮ್ ಬಿ ಫೇಸ್ ಕೆಪಾಸಿಟೆನ್ಸ್ ಹೋದ ವರ್ಷ 412 ಪಿಕೋಫ್ಯಾರಡ್, ಈಗ 415. ಎಣ್ಣೆಯ ಉಷ್ಣಾಂಶ ಈ ಸಲ 41 ಡಿಗ್ರಿ, ಹೋದ ಸಲ 34.

ಚಾರ್ಜ್_ಮಾಡಿ
ನೋಡಿ, ಸಿಕ್ಕಿತು ಉತ್ತರ. 7 ಡಿಗ್ರಿ ಜಾಸ್ತಿ. ಉಷ್ಣಾಂಶ ಏರಿದರೆ ಟ್ಯಾನ್ ಡೆಲ್ಟಾ ಏರುತ್ತದೆ. ಚಾರ್ಜ್ ಮಾಡಿ.

ಎಣ್ಣೆ_ಬಾಟಲಿ
@ಚಾರ್ಜ್_ಮಾಡಿ ಹಾಗಾದರೆ ಆರ್ ಮತ್ತು ವೈ ಫೇಸ್ ಯಾಕೆ ಏರಲಿಲ್ಲ? ಅವೂ ಅದೇ ಟ್ಯಾಂಕ್ ಮೇಲೆ, ಅದೇ ಬಿಸಿಯಲ್ಲಿ ನಿಂತಿವೆಯಲ್ಲ. ಒಳ್ಳೆಯ ಎಣ್ಣೆ-ಕಾಗದದ ಬುಶಿಂಗ್‌ನಲ್ಲಿ ಈ ಮಟ್ಟದ ಬಿಸಿಗೆ ಟ್ಯಾನ್ ಡೆಲ್ಟಾ ಹೆಚ್ಚು ಅಲುಗಾಡುವುದಿಲ್ಲ. ಬಿಸಿ ಏರಿದ ಹಾಗೆ ಅದೂ ಏರಿದರೆ, ಒಳಗೆ ತೇವ ಇದೆಯಾ ಅಂತ ಕೇಳಿಕೊಳ್ಳಬೇಕು. ನೀವು ಸಮಾಧಾನಕ್ಕೆ ಕೊಟ್ಟ ಕಾರಣವೇ ಅನುಮಾನಕ್ಕೆ ಕಾರಣ.

ಕೆಪಾಸಿಟೆನ್ಸ್ ವಿಷಯಕ್ಕೆ ಬಂದರೆ, ಬುಶಿಂಗ್ ಒಳಗೆ ನಡುವಿನ ಕಂಡಕ್ಟರ್ ಸುತ್ತ ಎಣ್ಣೆ ಕುಡಿದ ಕಾಗದ ಸುತ್ತಿರುತ್ತಾರೆ, ಮಧ್ಯೆ ಮಧ್ಯೆ ಅಲ್ಯೂಮಿನಿಯಂ ಹಾಳೆ. ಅಂದರೆ ಸಾಲಾಗಿ ಜೋಡಿಸಿದ ಹತ್ತಾರು ಕೆಪಾಸಿಟರ್. ಹೆಚ್ಚುಕಮ್ಮಿ ಸಮನಾದ 30 ಪದರ ಇವೆ ಅಂದುಕೊಳ್ಳಿ. ಒಂದು ಪದರ ಸುಟ್ಟು ಶಾರ್ಟ್ ಆದರೆ ಉಳಿಯುವುದು 29, ಒಟ್ಟು ಕೆಪಾಸಿಟೆನ್ಸ್ ಶೇ 3.4ರಷ್ಟು ಏರುತ್ತದೆ. ನಿಮ್ಮದು ಶೇ 1 ಕೂಡ ಏರಿಲ್ಲ. ಹಾಗಾಗಿ ಪದರ ಸುಟ್ಟಿಲ್ಲ ಅನ್ನಬಹುದು. ಆದರೆ ನಷ್ಟ ಮಾತ್ರ ಏರಿದೆ. ನನ್ನ ಅಂದಾಜು ತೇವ. ಗ್ಯಾಸ್ಕೆಟ್ ಎಲ್ಲೋ ಸೋತಿದೆ.

ಮೈಕ್ರೋಓಮ್
ಇದಕ್ಕೇ ಕೇಳಿದ್ದು ಕೆಪಾಸಿಟೆನ್ಸ್. ಇನ್ನೊಂದು, 2 ಕೆವಿಯಲ್ಲೂ ತೆಗೆದು ನೋಡಿ. 2ಕ್ಕೂ 10ಕ್ಕೂ ಒಂದೇ ಬಂದರೆ ತೇವದ ಕಡೆ ವಾಲುತ್ತದೆ. ವೋಲ್ಟೇಜ್ ಜೊತೆ ಏರಿದರೆ ಒಳಗೆ ಪಾರ್ಶಿಯಲ್ ಡಿಸ್ಚಾರ್ಜ್ (ಇನ್ಸುಲೇಷನ್ ಒಳಗಿನ ಸಣ್ಣ ಕಿಡಿ) ಇರಬಹುದು, ಅದು ಬೇರೆಯೇ ಕಥೆ.

ಹಳೇ_ಮೆಗ್ಗರ್
ನಾನು ಹೇಳಿದ್ದನ್ನು ಯಾರೂ ಕೇಳ್ತಿಲ್ಲ. ಮೊದಲು ಒರೆಸಿ. ಕೊಳೆ ಇದ್ದರೆ ರೀಡಿಂಗ್ ಜಾಸ್ತಿಯೇ ಬರುತ್ತದೆ.

ಎಣ್ಣೆ_ಬಾಟಲಿ
ಒರೆಸಬೇಕು, ನಿಜ. ಆದರೆ "ಜಾಸ್ತಿಯೇ" ಅನ್ನುವುದು ತಪ್ಪು ಸಾರ್. ಯುಎಸ್‌ಟಿಯಲ್ಲಿ ಮೇಲ್ಮೈಯ ಲೀಕೇಜ್ ನೆಲಕ್ಕೆ ಹೋಗುತ್ತದೆ, ಮೀಟರ್ ಅದನ್ನು ಅಳೆಯುವುದಿಲ್ಲ. ಆದರೆ ಒಳಗಿನ ವೋಲ್ಟೇಜ್ ಹಂಚಿಕೆಯನ್ನು ಕೆಡಿಸುತ್ತದೆ. ಎಷ್ಟೋ ಸಲ ರೀಡಿಂಗ್ ಕಮ್ಮಿ ಬರುತ್ತದೆ, ಮೈನಸ್ ಕೂಡ ಬಂದಿದೆ. ಅಂದರೆ ಒರೆಸಿದ ಮೇಲೆ 0.61 ಇನ್ನೂ ಮೇಲೆ ಹೋದರೂ ಆಶ್ಚರ್ಯ ಬೇಡ.

ಹಳೇ_ಮೆಗ್ಗರ್
ಮೈನಸ್ ಬಂದದ್ದು ನಾನೂ ನೋಡಿದ್ದೇನೆ. ಒಪ್ಪಿದೆ. ಒರೆಸಿ ಅನ್ನುವುದು ಮಾತ್ರ ಬದಲಾಗಲ್ಲ 😄

ಚಾರ್ಜ್_ಮಾಡಿ
ಎಲ್ಲರೂ ಪ್ರಯೋಗಾಲಯದಲ್ಲಿ ಕೂತ ಹಾಗೆ ಮಾತಾಡ್ತಿದ್ದೀರಿ. ಮಿತಿ ಅಂತ ಒಂದು ಯಾಕೆ ಇಟ್ಟಿದ್ದಾರೆ? ಒಳಗಿದ್ದರೆ ಪಾಸ್, ಹೊರಗಿದ್ದರೆ ಫೇಲ್. ಪ್ರತಿ ರೀಡಿಂಗ್ ಹಿಡಿದು ಕೂತರೆ ಒಂದು ಟ್ರಾನ್ಸ್‌ಫಾರ್ಮರೂ ಆನ್ ಇರಲ್ಲ. ಶಟ್‌ಡೌನ್ ಮುಂದುವರಿಸಿ ಅಂತ ಲೋಡ್ ಡಿಸ್‌ಪ್ಯಾಚ್‌ಗೆ (ಗ್ರಿಡ್ ನಿಯಂತ್ರಣ ಕೇಂದ್ರ) ಫೋನ್ ಮಾಡುವವನ ಕಷ್ಟ ನಿಮಗೇನು ಗೊತ್ತು? ಪಕ್ಕದ ಟ್ರಾನ್ಸ್‌ಫಾರ್ಮರ್ ಓವರ್‌ಲೋಡ್ ಆಗಿ ಟ್ರಿಪ್ ಆದರೆ ಈ 0.61 ಬಂದು ಊರಿಗೆ ಕರೆಂಟ್ ಕೊಡುತ್ತದಾ?

ರಿಲೇ_ರೂಮ್
ಆ ಕಷ್ಟ ನಿಜ, ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೆ 0.7 ಅನ್ನುವುದು ಈ ಬಗೆಯ ಹೊಸ ಬುಶಿಂಗ್‌ಗೆ ಸ್ಟ್ಯಾಂಡರ್ಡ್ ಕೊಟ್ಟಿರುವ ಗರಿಷ್ಠ ಮಿತಿ. 0.69 ತನಕ ಆರೋಗ್ಯ, 0.71ಕ್ಕೆ ಸಾವು ಅಂತ ಅದರ ಅರ್ಥ ಅಲ್ಲ. ನಾವು ಪಾಲಿಸುವ ರೂಢಿ, ವರ್ಷಕ್ಕೆ ಶೇ 0.1ಕ್ಕಿಂತ ಜಾಸ್ತಿ ಏರಿದರೆ ನಿಲ್ಲಿಸಿ ಕಾರಣ ಹುಡುಕು ಅಂತ. ಇಲ್ಲಿ 0.17 ಏರಿದೆ. ಹಿಂದಿನ ವರ್ಷ 0.07. ಏರುವ ವೇಗವೇ ಏರುತ್ತಿದೆ.

ನಾರ್ತ್ ಹೈಡ್ ನೆನಪಿದೆಯಾ? 2025ರ ಮಾರ್ಚ್ 20ರ ರಾತ್ರಿ ಪಶ್ಚಿಮ ಲಂಡನ್‌ನ ಆ ಸಬ್‌ಸ್ಟೇಷನ್‌ನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಹೊತ್ತಿ ಉರಿಯಿತು. ಮರುದಿನ ಹೀಥ್ರೂ ವಿಮಾನ ನಿಲ್ದಾಣ ಬಂದ್. ಬ್ರಿಟನ್ನಿನ ಗ್ರಿಡ್ ನಡೆಸುವ ನೆಸೊ ಸಂಸ್ಥೆ ಜುಲೈನಲ್ಲಿ ಕೊನೆಯ ವರದಿ ಕೊಟ್ಟಿತು. ಹೋಗಿದ್ದು ಎಚ್‌ವಿ ಬುಶಿಂಗ್. ಒಳಗೆ ತೇವ ಸೇರಿದ್ದೇ ಬಹುತೇಕ ಕಾರಣ. ಹೊಟ್ಟೆ ಉರಿಸುವ ವಿಷಯ ಏನಂದರೆ, 2018ರ ಜುಲೈನಲ್ಲೇ ಆ ಬುಶಿಂಗ್‌ನ ಎಣ್ಣೆ ಸ್ಯಾಂಪಲ್‌ನಲ್ಲಿ ತೇವ ಜಾಸ್ತಿ ಬಂದಿತ್ತು. ಅಷ್ಟು ಬಂದರೆ ಬುಶಿಂಗ್ ಬದಲಿಸಬೇಕು ಅಂತ ಸಬ್‌ಸ್ಟೇಷನ್ ಒಡೆಯರಾದ ನ್ಯಾಷನಲ್ ಗ್ರಿಡ್ ಕಂಪನಿಯದೇ ಮಾರ್ಗಸೂಚಿಯಲ್ಲಿತ್ತು. ಯಾರೂ ಬದಲಿಸಲಿಲ್ಲ. 2022ರಲ್ಲಿ ಮಾಮೂಲಿ ಮೆಂಟೆನೆನ್ಸನ್ನೂ ಮುಂದೂಡಿದರು.

ಟೆಸ್ಟ್ ತನ್ನ ಕೆಲಸ ಮಾಡಿತ್ತು. ಕಾಗದ ಫೈಲ್ ಸೇರಿತು, ಅಷ್ಟೇ.

ಸುಮ್ನೆ_ಓದುಗ
ಒಂದು ಬುಶಿಂಗ್‌ಗೆ ಇಡೀ ವಿಮಾನ ನಿಲ್ದಾಣ ಬಂದ್ ಆಗುತ್ತಾ? ಬೇರೆ ಸಪ್ಲೈ ಇರಲಿಲ್ವಾ?

ರಿಲೇ_ರೂಮ್
ಇತ್ತು. ಮೂರು ಕಡೆಯಿಂದ ಸಪ್ಲೈ. ಆದರೆ ಒಂದು ಕಡೆಯದು ಹೋದಾಗ ಒಳಗಿನ ಜಾಲವನ್ನು ಬದಲಿಸಿ ಜೋಡಿಸಲು ಗಂಟೆಗಟ್ಟಲೆ ಬೇಕಾಗುವ ಹಾಗೆ ಅವರ ವ್ಯವಸ್ಥೆ ಇತ್ತು. ಅದು ಬೇರೆ ಚರ್ಚೆ.

ಶಿಫ್ಟ್_ಪುಸ್ತಕ
ಕಾಗದ ಫೈಲ್ ಸೇರುವ ಮಾತು ಬಂತಲ್ಲ, ನಮ್ಮ ಕಡೆಯದು ಕೇಳಿ. ಬ್ಯಾಟರಿ ರಿಜಿಸ್ಟರ್ ತೆಗೆದರೆ 55 ಸೆಲ್‌ಗೂ ಗ್ರಾವಿಟಿ (ಆಸಿಡ್‌ನ ಸಾಂದ್ರತೆ) 1.200. ಎಲ್ಲ ವಾರವೂ 1.200. ಯಾವ ಸೆಲ್ಲೂ 1.195 ಇಲ್ಲ, 1.205 ಇಲ್ಲ. ಒಂದೇ ಪೆನ್ನು, ಒಂದೇ ಕೈ, ಒಂದೇ ಓಟದಲ್ಲಿ ಬರೆದದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ. ನಾನು ಹೈಡ್ರೋಮೀಟರ್ ತಗೊಂಡು ಹೋದರೆ ಅದರ ರಬ್ಬರ್ ಬಲ್ಬ್ ಒಣಗಿ ಬಿರುಕು ಬಿಟ್ಟಿದೆ. ಆಸಿಡ್ ಎಳೆಯುವುದೇ ಇಲ್ಲ. ಅಂದರೆ ಎಷ್ಟೋ ಕಾಲದಿಂದ ಯಾರೂ ಅಳೆದೇ ಇಲ್ಲ.

ಡಿಸಿ_ನೆಗೆಟಿವ್
@ಶಿಫ್ಟ್_ಪುಸ್ತಕ ಹಾ ಹಾ. ಇದು ಎಲ್ಲ ಕಡೆಯ ಕಥೆ. ಆದರೆ ನಗುವ ವಿಷಯ ಅಲ್ಲ.

ನನ್ನ ಪ್ರಕಾರ ಸ್ಟೇಷನ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಆಸ್ತಿ ಬ್ಯಾಟರಿ. ಬುಶಿಂಗ್ ಹೋದರೆ ಬ್ರೇಕರ್ (ಫಾಲ್ಟ್ ಬಂದಾಗ ಕರೆಂಟ್ ಕಡಿಯುವ ಸ್ವಿಚ್) ಫಾಲ್ಟ್ ತೆಗೆಯುತ್ತದೆ. ಬ್ಯಾಟರಿ ಹೋಗಿದ್ದರೆ ಬ್ರೇಕರ್ ತೆಗೆಯುವುದೇ ಇಲ್ಲ. ಫ್ಲೋಟ್‌ನಲ್ಲಿ (ಚಾರ್ಜರ್ ಸದಾ ಜೋಡಿಸಿರುವಾಗ) 55 ಸೆಲ್, ಸೆಲ್‌ಗೆ 2.2 ವೋಲ್ಟ್, ಒಟ್ಟು 121 ತೋರಿಸುತ್ತದೆ. ಎಲ್ಲರೂ ಖುಷಿ. ಆದರೆ ಆ 121 ಕೊಡ್ತಿರೋದು ಚಾರ್ಜರ್. ಮಧ್ಯೆ ಒಂದು ಸೆಲ್‌ನ ಕನೆಕ್ಷನ್ ತುಕ್ಕು ತಿಂದು ಓಪನ್ ಆಗಿದ್ದರೂ ಪ್ಯಾನೆಲ್ ಮೀಟರ್‌ಗೆ ಗೊತ್ತಾಗುವುದಿಲ್ಲ. ಬಸ್‌ಬಾರ್ (ಲೈನ್‌ಗಳೆಲ್ಲ ಸೇರುವ ಕಂಡಕ್ಟರ್) ಮೇಲೆ ದೊಡ್ಡ ಫಾಲ್ಟ್ ಬಂದ ಕ್ಷಣಕ್ಕೆ ಎಸಿ ವೋಲ್ಟೇಜ್ ಕುಸಿಯುತ್ತದೆ, ಚಾರ್ಜರ್ ಕೈಬಿಡುತ್ತದೆ. ಬ್ರೇಕರ್ ತೆರೆಸುವ ಟ್ರಿಪ್ ಕಾಯಿಲ್‌ಗೆ ಡಿಸಿ ಬೇಕಾದ ಹೊತ್ತಿಗೇ ಡಿಸಿ ಇಲ್ಲ. ಆಗ ಫಾಲ್ಟ್ ತೆಗೆಯಬೇಕಾದ್ದು ದೂರದ ಸ್ಟೇಷನ್‌ಗಳು, ಅದೂ ನಿಧಾನವಾಗಿ. ಅಷ್ಟರಲ್ಲಿ ಇಲ್ಲಿ ಏನು ಉಳಿದಿರುತ್ತದೆ?

ಹಾಗಾಗಿ ಫ್ಲೋಟ್ ವೋಲ್ಟೇಜ್ ಬರೆದರೆ ಸಾಲದು. ಇನ್ನೊಂದು ಬ್ಯಾಟರಿ ಸೆಟ್ ಇದ್ದರೆ ಸ್ಟೇಷನ್ ಲೋಡ್ ಅದಕ್ಕೆ ಹಾಕಿ, ಇದನ್ನು 10 ಗಂಟೆಯ ದರದಲ್ಲಿ ಡಿಸ್ಚಾರ್ಜ್ ಮಾಡಿ, ಸೆಲ್ ಸೆಲ್ ನೋಡಬೇಕು. ಸಾಮರ್ಥ್ಯ ಶೇ 80ಕ್ಕಿಂತ ಕೆಳಗೆ ಹೋದರೆ ಬ್ಯಾಂಕ್ ಬದಲಿಸಬೇಕು.

ಜಲ್ಲಿಕಲ್ಲು
ಡಿಸಿ ಅರ್ತ್ ಫಾಲ್ಟ್ (ಡಿಸಿ ವೈರ್ ಎಲ್ಲೋ ನೆಲಕ್ಕೆ ತಾಗಿದೆ ಅನ್ನುವ) ಅಲಾರಂ ಬಂದರೆ ಮ್ಯೂಟ್ ಮಾಡಿ ಬಿಡುವವರನ್ನೂ ಸೇರಿಸಿ ಬೈಯಿರಿ.

ಡಿಸಿ_ನೆಗೆಟಿವ್
ಬೈಯದೆ ಬಿಡ್ತೀನಾ. ಒಂದು ಅರ್ತ್ ಫಾಲ್ಟ್‌ನಿಂದ ತಕ್ಷಣ ಏನೂ ಆಗಲ್ಲ, ಅದಕ್ಕೇ ಎಲ್ಲರಿಗೂ ಉದಾಸೀನ. ಎರಡನೆಯದು ಬಂದಾಗ ಬ್ರೇಕರ್ ಸುಮ್ನೆ ಟ್ರಿಪ್ ಆಗಬಹುದು. ಇಲ್ಲವೇ ಟ್ರಿಪ್ ಆಗಬೇಕಾದಾಗ ಫ್ಯೂಸ್ ಹೋಗಿ ಕೂರಬಹುದು. ಮಳೆಗಾಲದಲ್ಲಿ ಮಾರ್ಷಲಿಂಗ್ ಬಾಕ್ಸ್ (ಯಾರ್ಡ್‌ನಲ್ಲಿ ಕಂಟ್ರೋಲ್ ವೈರ್‌ಗಳು ಸೇರುವ ಪೆಟ್ಟಿಗೆ) ಬಾಗಿಲಿನ ರಬ್ಬರ್ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಟ್ಯಾಪ್‌ಚೇಂಜರ್
ಎಲ್ಲರೂ ಇನ್ನೂ ಟೆಸ್ಟ್ ಮಾಡಿ ಅಂತಿದ್ದೀರಿ. ನಾನು ಉಲ್ಟಾ ಹೇಳುತ್ತೇನೆ. ನಾವು ಜಾಸ್ತಿ ಮುಟ್ಟುತ್ತೇವೆ. ಚೆನ್ನಾಗಿ ಓಡುತ್ತಿದ್ದ ಬ್ರೇಕರನ್ನು "ಅವಧಿ ಮುಗಿದಿದೆ" ಅಂತ ಬಿಚ್ಚುತ್ತಾರೆ, ಜೋಡಿಸುತ್ತಾರೆ, ಅದಾದ ಮೇಲೆ ಗ್ಯಾಸ್ ಸೋರಲು ಶುರು. 1978ರಲ್ಲೇ ಯುನೈಟೆಡ್ ಏರ್‌ಲೈನ್ಸ್ ಎಂಜಿನಿಯರ್‌ಗಳು ಅಮೆರಿಕದ ರಕ್ಷಣಾ ಇಲಾಖೆಗೆ ವರದಿ ಬರೆದಿದ್ದರು. ಇಷ್ಟು ಗಂಟೆ ಆದ ಮೇಲೆ ಬಿಚ್ಚಬೇಕು ಅನ್ನುವ ನಿಯಮದಿಂದ ವಿಮಾನದ ಶೇ 89ರಷ್ಟು ಭಾಗಗಳಿಗೆ ಏನೂ ಲಾಭ ಇಲ್ಲ ಅಂತ. ನಾವು ಇನ್ನೂ ಕ್ಯಾಲೆಂಡರ್ ನೋಡಿ ನಟ್ಟು ಬಿಚ್ಚುತ್ತಿದ್ದೇವೆ.

ಹಳೇ_ಮೆಗ್ಗರ್
ವಿಮಾನವೇ ಬೇರೆ, ಆಯಿಲ್ ಸರ್ಕ್ಯೂಟ್ ಬ್ರೇಕರೇ ಬೇರೆ. ಕ್ಯಾಲೆಂಡರ್ ಇಲ್ಲದಿದ್ದರೆ ನಮ್ಮಲ್ಲಿ ಶಟ್‌ಡೌನೇ ಕೊಡಲ್ಲ. "ಕಂಡಿಷನ್ ಚೆನ್ನಾಗಿದೆಯಲ್ಲ, ಮುಂದಿನ ವರ್ಷ ನೋಡೋಣ" ಅಂತಾರೆ. ಕ್ಯಾಲೆಂಡರ್ ಇರುವುದು ಯಂತ್ರಕ್ಕಲ್ಲ, ಆಫೀಸಿಗೆ.

ಟ್ಯಾಪ್‌ಚೇಂಜರ್
ಅದು ಒಳ್ಳೆ ಮಾತು. ಆದರೆ ಟೆಸ್ಟ್ ಮಾಡಲು ಶಟ್‌ಡೌನ್ ತಗೊಳ್ಳಿ, ಬಿಚ್ಚಲು ಬೇಡ. ಕಾಂಟ್ಯಾಕ್ಟ್ ರೆಸಿಸ್ಟೆನ್ಸ್, ಟೈಮಿಂಗ್ (ಬ್ರೇಕರ್ ತೆರೆಯಲು, ಮುಚ್ಚಲು ಹಿಡಿಯುವ ಹೊತ್ತು), ಗ್ಯಾಸ್‌ನ ಡ್ಯೂ ಪಾಯಿಂಟ್ (ತೇವದ ಅಳತೆ). ಇವು ಸರಿ ಇದ್ದರೆ ಯಾಕೆ ಮುಟ್ಟಬೇಕು?

ಮೈಕ್ರೋಓಮ್
ಟೈಮಿಂಗ್ ಅಂದಿರಲ್ಲ, ಅಲ್ಲೇ ಎಲ್ಲರೂ ಸಾಕ್ಷಿ ಅಳಿಸುತ್ತಾರೆ.

ಬ್ರೇಕರ್ ತಿಂಗಳುಗಟ್ಟಲೆ ಕ್ಲೋಸ್ ಆಗಿ ನಿಂತಿರುತ್ತದೆ. ಲ್ಯಾಚ್ ಮೇಲಿನ ಗ್ರೀಸ್ ಗಟ್ಟಿಯಾಗಿರುತ್ತದೆ. ಶಟ್‌ಡೌನ್ ತಗೊಂಡವರು ಮೊದಲು ಬ್ರೇಕರ್ ಓಪನ್ ಮಾಡುತ್ತಾರೆ, ಐಸೋಲೇಟರ್ ತೆಗೆಯುತ್ತಾರೆ, ಅರ್ತ್ ಹಾಕುತ್ತಾರೆ. ಆಮೇಲೆ ಕಿಟ್ ತಂದು ಒಂದೆರಡು ಸಲ ಆಪರೇಟ್ ಮಾಡಿ "ಫ್ರೀ ಇದೆ" ಅಂತ ನೋಡಿ, ಆಮೇಲೆ ಟೈಮಿಂಗ್ ತೆಗೆಯುತ್ತಾರೆ. ಓಪನಿಂಗ್ ಚೆನ್ನಾಗಿಯೇ ಬರುತ್ತದೆ. ಬರದೇ ಇರುತ್ತಾ? ಗ್ರೀಸ್ ಆಗಲೇ ಸಡಿಲಾಗಿದೆ! ಫಾಲ್ಟ್ ಬಂದಾಗ ಕೆಲಸ ಮಾಡಬೇಕಾದ್ದು ಆ ಮೊದಲ ಆಪರೇಷನ್. ಅದನ್ನೇ ಯಾರೂ ಅಳೆದಿಲ್ಲ.

ಮೊದಲ ಓಪನಿಂಗ್‌ನ ಟ್ರಿಪ್ ಕಾಯಿಲ್ ಕರೆಂಟನ್ನು ಕ್ಲ್ಯಾಂಪ್ ಮೀಟರ್ ಹಾಕಿ ರೆಕಾರ್ಡ್ ಮಾಡಿ. ಅದಕ್ಕೆ ಶಟ್‌ಡೌನ್‌ಗೂ ಕಾಯಬೇಕಿಲ್ಲ, ಕಂಟ್ರೋಲ್ ವೈರ್ ಮೇಲೆ ಕ್ಲ್ಯಾಂಪ್ ಕೂರಿಸಿದರಾಯಿತು. ಕರೆಂಟ್ ಏರುತ್ತದೆ, ಲ್ಯಾಚ್ ಬಿಡಿಸುವ ಪ್ಲಂಜರ್ ಅಲುಗಿದ ಜಾಗದಲ್ಲಿ ಒಂದು ಸಣ್ಣ ತಗ್ಗು ಬೀಳುತ್ತದೆ, ಮತ್ತೆ ಏರುತ್ತದೆ. ಆ ತಗ್ಗು ಬಲಕ್ಕೆ ಸರಿದಿದ್ದರೆ ಪ್ಲಂಜರ್ ತಡವಾಗಿ ಅಲುಗಿದೆ ಅಂತ ಅರ್ಥ. ಎರಡನೇ ಆಪರೇಷನ್‌ನಲ್ಲಿ ಅದು ಮತ್ತೆ ಎಡಕ್ಕೆ ಬಂದುಬಿಟ್ಟಿರುತ್ತದೆ.

ರಿಲೇ_ರೂಮ್
ಈ ಮೊದಲ ಟ್ರಿಪ್ ವಿಷಯ ಎಲ್ಲರೂ ಓದಬೇಕು. ಮೂರು ಪೋಲ್ (ಬ್ರೇಕರ್‌ನಲ್ಲಿ ಫೇಸ್‌ಗೊಂದು) ನಡುವಿನ ಹೊತ್ತಿನ ವ್ಯತ್ಯಾಸವೂ ಅಷ್ಟೇ. 50 ಹರ್ಟ್ಸ್‌ನಲ್ಲಿ ಓಪನಿಂಗ್‌ಗೆ ಮಿತಿ ಸೈಕಲ್‌ನ ಆರನೇ ಒಂದು ಭಾಗ, ಅಂದರೆ 3.3 ಮಿಲಿಸೆಕೆಂಡ್. ಕ್ಲೋಸಿಂಗ್‌ಗೆ ಕಾಲು ಸೈಕಲ್, 5 ಮಿಲಿಸೆಕೆಂಡ್. ಮೊದಲ ಆಪರೇಷನ್‌ನಲ್ಲಿ ಒಂದು ಪೋಲ್ ಹಿಂದೆ ಬಿದ್ದು, ಎರಡನೆಯದರಲ್ಲಿ ಎಲ್ಲ ಸಮ ಆಗಿರುವುದನ್ನು ನೋಡಿದ್ದೇನೆ.

ಮತ್ತೆ @ಟ್ಯಾಪ್‌ಚೇಂಜರ್ ಹೇಳಿದ್ದರಲ್ಲಿ ನಾನು ಒಪ್ಪುವುದು ಏನಂದರೆ, ಕೆಲಸ ಮುಗಿಸಿ ವಾಪಸ್ ಕೊಡುವ ಗಂಟೆಯೇ ಅಪಾಯದ ಗಂಟೆ. ಸಂಜೆ ಆಗಿರುತ್ತದೆ, ಫೋನ್ ಮೇಲೆ ಫೋನ್. ರಿಲೇ ಟೆಸ್ಟ್‌ಗೆ ತೆಗೆದ ಟ್ರಿಪ್ ಲಿಂಕ್ (ರಿಲೇಯಿಂದ ಬ್ರೇಕರ್‌ಗೆ ಹೋಗುವ ಜೋಡಣೆ) ಹಾಗೇ ಉಳಿಯುತ್ತದೆ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಸೆಕೆಂಡರಿ ಲಿಂಕ್ ಸಡಿಲ ಉಳಿದರೆ ಇನ್ನೂ ಕಷ್ಟ. ಲೋಡ್ ಬಂದ ಕೂಡಲೇ ಓಪನ್ ಸಿಟಿ ತುದಿಯಲ್ಲಿ ಸಾವಿರಾರು ವೋಲ್ಟ್ ಏಳಬಹುದು, ಡಿಫರೆನ್ಶಿಯಲ್ ರಿಲೇ (ಒಳಹೋದ, ಹೊರಬಂದ ಕರೆಂಟ್ ಹೋಲಿಸುವುದು) ತಪ್ಪು ತಿಳಿದು ಟ್ರಿಪ್ ಕೊಡಬಹುದು. ಬಿಚ್ಚಿದ ಪ್ರತಿ ಲಿಂಕಿನ ನಂಬರ್ ಬರೆದಿಟ್ಟು, ಬಿಚ್ಚದ ಇನ್ನೊಬ್ಬನಿಂದ ಚೆಕ್ ಮಾಡಿಸಿ. ಬಿಚ್ಚಿದವನ ಕಣ್ಣಿಗೆ ಎಲ್ಲವೂ ಹಾಕಿದ ಹಾಗೇ ಕಾಣುತ್ತದೆ.

ಬೂದು_ಟೋಪಿ
ಪರ್ಮಿಟ್ (ಕೆಲಸದ ಅನುಮತಿ ಪತ್ರ) ವಾಪಸ್ ಕೊಡುವ ಮೊದಲು ಲೋಕಲ್ ಅರ್ತ್ (ಕೆಲಸಕ್ಕೆಂದು ಹಾಕಿದ ತಾತ್ಕಾಲಿಕ ಅರ್ತ್) ಎಣಿಸಿ. ಹಾಕಿದ್ದೆಷ್ಟು, ತೆಗೆದದ್ದೆಷ್ಟು. ಇದನ್ನು ಬಿಟ್ಟು ಉಳಿದೆಲ್ಲ ಆಮೇಲೆ.

ಥರ್ಮೋ_ಕಣ್ಣು
ಯಾರೂ ಥರ್ಮಲ್ ಕ್ಯಾಮೆರಾ ಹೆಸರೇ ಎತ್ತಿಲ್ಲ. ಶಟ್‌ಡೌನ್ ಬೇಡ, ಮುಟ್ಟುವುದು ಬೇಡ.

ಹಳೇ_ಮೆಗ್ಗರ್
ಹೌದು, ಮಟಮಟ ಮಧ್ಯಾಹ್ನ, ಲೋಡ್ ಇಲ್ಲದಾಗ, ದೂರದಿಂದ ಫೋಟೋ ತೆಗೆದು "ಹಾಟ್‌ಸ್ಪಾಟ್ ಇಲ್ಲ" ಅಂತ ಬರೆಯುವ ಕ್ಯಾಮೆರಾ ತಾನೆ?

ಥರ್ಮೋ_ಕಣ್ಣು
ಅದು ಹಿಡಿದವನ ತಪ್ಪು, ಕ್ಯಾಮೆರಾದ್ದಲ್ಲ 😀 ರಾತ್ರಿ ತೆಗೆಯಬೇಕು, ಲೋಡ್ ಇರುವಾಗ ತೆಗೆಯಬೇಕು. ಕಂಡಕ್ಟರ್ ಜೋಡಿಸುವ ಕ್ಲ್ಯಾಂಪ್‌ನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. ಅರ್ಧ ಲೋಡ್‌ನಲ್ಲಿ ಕಾಲು ಭಾಗ ಶಾಖ ಮಾತ್ರ. ಆಗ 10 ಡಿಗ್ರಿ ಜಾಸ್ತಿ ಕಂಡ ಕ್ಲ್ಯಾಂಪ್ ಪೂರ್ತಿ ಲೋಡ್‌ನಲ್ಲಿ 40ರ ಹತ್ತಿರ ಹೋಗಬಹುದು. ಹೊಳೆಯುವ ಅಲ್ಯೂಮಿನಿಯಂ ಬೇರೆ ಮೋಸ ಮಾಡುತ್ತದೆ, ತನ್ನ ಶಾಖ ಬಿಟ್ಟು ಆಕಾಶದ ತಂಪನ್ನು ತೋರಿಸುತ್ತದೆ. ಹಾಗಾಗಿ ಪಕ್ಕದ ಫೇಸ್‌ನ ಅದೇ ಕ್ಲ್ಯಾಂಪ್ ಜೊತೆ ಹೋಲಿಸಿ ನೋಡಬೇಕು.

ಬುಶಿಂಗ್‌ಗೂ ಉಪಯೋಗ ಇದೆ. ಎಣ್ಣೆ ಮಟ್ಟ ಇಳಿದಿದ್ದರೆ ಕೆಲವು ಸಲ ಮೇಲಿನ ಭಾಗ ತಣ್ಣಗೆ ಬೇರೆಯಾಗಿ ಕಾಣುತ್ತದೆ.

ಜಲ್ಲಿಕಲ್ಲು
ಯಾರೂ ಜಲ್ಲಿ ಬಗ್ಗೆ ಮಾತಾಡಲ್ಲ. ಯಾರ್ಡ್‌ನಲ್ಲಿ ಹಾಕಿದ ಜಲ್ಲಿ ಅಂದಕ್ಕಲ್ಲ ಸ್ವಾಮಿ. ಫಾಲ್ಟ್ ಕರೆಂಟ್ ನೆಲಕ್ಕೆ ಇಳಿದಾಗ ನಿಮ್ಮ ಎರಡು ಕಾಲಿನ ನಡುವೆ ಹರಿಯುವ ಕರೆಂಟನ್ನು ತಡೆಯುವುದು ಅದೇ. ಅದರಲ್ಲಿ ಮಣ್ಣು ತುಂಬಿ ಕಳೆ ಬೆಳೆದರೆ ಜಲ್ಲಿ ಇದ್ದೂ ಇಲ್ಲದ ಹಾಗೆ. ಅರ್ತ್ ರೆಸಿಸ್ಟೆನ್ಸ್ ಅರ್ಧ ಓಮ್ ಬಂತು ಅಂತ ಬೋರ್ಡ್ ಬರೆಸುತ್ತಾರೆ, ಕಾಲ ಕೆಳಗೆ ಹುಲ್ಲು.

ಸುಮ್ನೆ_ಓದುಗ
ಈ ಥ್ರೆಡ್ ಓದಿದ ಮೇಲೆ ಸಬ್‌ಸ್ಟೇಷನ್ ಬೇಲಿ ಪಕ್ಕ ನಡೆಯಲೂ ಭಯ ಆಗ್ತಿದೆ.

ಜಲ್ಲಿಕಲ್ಲು
ಬೇಲಿಯನ್ನೂ ಅರ್ತ್ ಮಾಡಿರುತ್ತಾರೆ. ಮಾಡಿರಬೇಕು 😅

ಬಿ_ಫೇಸ್
ಅಪ್‌ಡೇಟ್. ಪಿಂಗಾಣಿ, ಟ್ಯಾಪ್ ಎರಡನ್ನೂ ಒರೆಸಿ ಒಣಗಿಸಿ ಮಧ್ಯಾಹ್ನ ಮತ್ತೆ ತೆಗೆದೆವು. ಬಿ ಫೇಸ್ 0.63. 2 ಕೆವಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ನಮ್ಮ ಕಿಟ್‌ನಲ್ಲಿ ಫ್ರೀಕ್ವೆನ್ಸಿ ಬದಲಿಸುವ ಸೌಲಭ್ಯ ಇದೆ. 15 ಹರ್ಟ್ಸ್‌ನಲ್ಲಿ ಆರ್ ಫೇಸ್ 0.41, ಬಿ ಫೇಸ್ 1.2.

ಟೆಸ್ಟ್ ಟ್ಯಾಪ್‌ನ ಮುಚ್ಚಳ ತೆಗೆದಾಗ ಓ-ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಉಗುರಿನಿಂದ ಒತ್ತಿದರೆ ಗೆರೆಯೂ ಬೀಳಲಿಲ್ಲ. ಮುಚ್ಚಳದ ಒಳಗಡೆ ತಿರುಪಿನ ಗೆರೆಗಳಲ್ಲಿ ಬಿಳಿ ಪುಡಿ ಕಟ್ಟಿದೆ. ಆರ್ ಮತ್ತು ವೈ ಫೇಸ್‌ನವು ಸ್ವಚ್ಛವಾಗಿವೆ.

ಎಣ್ಣೆ_ಬಾಟಲಿ
ತೇವ. 15 ಹರ್ಟ್ಸ್‌ನಲ್ಲಿ ಹೀಗೆ ಎದ್ದು ಕಾಣುವುದು ಅದೇ. 50ರಲ್ಲಿ ಅಡಗಿರುತ್ತದೆ, ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಹೊರಬರುತ್ತದೆ. ಆದರೆ ಟ್ಯಾಪ್‌ನ ಓ-ರಿಂಗ್‌ನಿಂದಲೇ ಒಳಗೆ ಹೋಗಿದೆ ಅಂತ ತೀರ್ಮಾನ ಬೇಡ. ಮೇಲಿನ ಗ್ಯಾಸ್ಕೆಟ್ ಕೂಡ ನೋಡಿ. ತಯಾರಕರು ಒಪ್ಪಿದರೆ ಬುಶಿಂಗ್‌ನಿಂದ ಸ್ವಲ್ಪ ಎಣ್ಣೆ ತೆಗೆದು ತೇವ ಮತ್ತು ಡಿಜಿಎ (ಎಣ್ಣೆಯಲ್ಲಿ ಕರಗಿದ ಗ್ಯಾಸ್‌ಗಳ ಪರೀಕ್ಷೆ) ಎರಡೂ ಮಾಡಿಸಿ. ಅದರಲ್ಲಿ ಎಣ್ಣೆ ಇರುವುದೇ ಕಮ್ಮಿ, ತೆಗೆದಷ್ಟು ತುಂಬಬೇಕು, ಸೀಲ್ ಹೊಸದು ಹಾಕಬೇಕು. ಅಸಿಟಿಲೀನ್ (ಒಳಗೆ ಕಿಡಿ ಹಾರಿದ ಗುರುತು) ಸ್ವಲ್ಪ ಕಂಡರೂ ಮುಂದಿನ ಮಾತೇ ಇಲ್ಲ.

ಚಾರ್ಜ್_ಮಾಡಿ
15 ಹರ್ಟ್ಸ್ ರೀಡಿಂಗ್ ಬಂದ ಮೇಲೆ ನಾನು ವಾದ ಮಾಡಲ್ಲ. ಆದರೆ 50 ಹರ್ಟ್ಸ್ ಕಿಟ್ ಮಾತ್ರ ಇರುವ ಸ್ಟೇಷನ್‌ನಲ್ಲಿ ಇದೇ ಬುಶಿಂಗ್ ಪಾಸ್ ಆಗಿ ಚಾರ್ಜ್ ಆಗಿರುತ್ತಿತ್ತು. ಬರೀ ಗ್ರಾಫ್ ತೋರಿಸಿದರೆ ಶಟ್‌ಡೌನ್ ಮುಂದುವರಿಸಲು ಯಾರೂ ಒಪ್ಪಲ್ಲ, ಇದು ವಾಸ್ತವ.

ರಿಲೇ_ರೂಮ್
ಗ್ರಾಫ್ ಬೇಡ. ಮೂರು ವರ್ಷದ ಮೂರು ಅಂಕಿ, ಪಕ್ಕದ ಎರಡು ಫೇಸ್‌ನ ಅಂಕಿ, ಕೆಳಗೆ ಒಂದು ಸಾಲು: "ಹೀಗಿದ್ದೂ ಚಾರ್ಜ್ ಮಾಡಲು ಲಿಖಿತ ಆದೇಶ ಕೊಡಿ." ಸಹಿ ಹಾಕಬೇಕು ಅಂದಾಗ ಎಲ್ಲರೂ ರಿಪೋರ್ಟ್ ಓದುತ್ತಾರೆ.

ಶಿಫ್ಟ್_ಪುಸ್ತಕ
ಚಿನ್ನದಂಥ ಮಾತು 👏

ಬಿ_ಫೇಸ್
@ರಿಲೇ_ರೂಮ್ ಹೆಚ್ಚುಕಮ್ಮಿ ಹಾಗೇ ಮಾಡಿದೆ. ಹಿರಿಯರೇ 15 ಹರ್ಟ್ಸ್ ಅಂಕಿ ನೋಡಿ "ಬೇಡ, ಬದಲಿಸೋಣ" ಅಂದರು. ಲೋಡ್ ಸ್ವಲ್ಪ ಬೇರೆ ಸ್ಟೇಷನ್‌ಗೆ ಹಾಕಿದ್ದಾರೆ. ಸ್ಟೋರ್‌ನಲ್ಲಿ ಒಂದು ಸ್ಪೇರ್ ಬುಶಿಂಗ್ ಇದೆ. ಆದರೆ ಅದನ್ನು ಪೆಟ್ಟಿಗೆಯಲ್ಲಿ ಪೂರ್ತಿ ಅಡ್ಡ ಮಲಗಿಸಿ ಇಟ್ಟಿದ್ದಾರೆ, ಬಹಳ ಕಾಲದಿಂದ. ನೇರ ತಂದು ಕೂರಿಸಬಹುದಾ?

ಎಣ್ಣೆ_ಬಾಟಲಿ
ಕೂರಿಸಬೇಡಿ! ಅಡ್ಡ ಮಲಗಿದ್ದಾಗ ಒಳಗಿನ ಗ್ಯಾಸ್ ಜಾಗ ಕಾಗದದ ಕಡೆ ಬಂದಿರಬಹುದು. ಮೊದಲು ನೆಟ್ಟಗೆ ನಿಲ್ಲಿಸಿ, ತಯಾರಕರು ಹೇಳಿದಷ್ಟು ಹೊತ್ತು ಬಿಡಿ, ಎಣ್ಣೆ ಮಟ್ಟ ನೋಡಿ. ಆಮೇಲೆ ನಿಂತ ಸ್ಥಿತಿಯಲ್ಲೇ ಟ್ಯಾನ್ ಡೆಲ್ಟಾ, ಕೆಪಾಸಿಟೆನ್ಸ್ ತೆಗೆದು ನೇಮ್‌ಪ್ಲೇಟ್ ಜೊತೆ ಹೋಲಿಸಿ. 15 ಹರ್ಟ್ಸ್ ಕೂಡ. ಸ್ಪೇರ್ ಅಂದ ಮಾತ್ರಕ್ಕೆ ಒಳ್ಳೆಯದು ಅಂತ ಅಲ್ಲ.

ಟ್ಯಾಪ್‌ಚೇಂಜರ್
ಬದಲಿಸುವಾಗ ಟ್ಯಾಂಕ್‌ನ ಎಣ್ಣೆ ಎಷ್ಟು ಬೇಕೋ ಅಷ್ಟೇ ಇಳಿಸಿ, ಗಾಳಿಗೆ ತೆರೆದಿರುವ ಹೊತ್ತು ಕಮ್ಮಿ ಇರಲಿ, ಒಣ ಗಾಳಿ ಬಿಡುತ್ತಿರಿ. ಮತ್ತೆ ತುಂಬಿದ ಮೇಲೆ ಟರೆಟ್‌ನಿಂದಲೂ (ಬುಶಿಂಗ್ ಕೂರುವ ಗೂಡು) ಬುಕ್‌ಹೋಲ್ಸ್‌ನಿಂದಲೂ (ಎಣ್ಣೆಯಲ್ಲಿ ಗ್ಯಾಸ್ ಸೇರಿದರೆ ಎಚ್ಚರಿಸುವ ರಿಲೇ) ಗಾಳಿ ಹೊರಬಿಡಿ. ಇಲ್ಲದಿದ್ದರೆ ಚಾರ್ಜ್ ಮಾಡಿದ ಮೇಲೆ ಬುಕ್‌ಹೋಲ್ಸ್ ಅಲಾರಂ ಬಂದು ಇನ್ನೊಂದು ಥ್ರೆಡ್ ಶುರು ಮಾಡುತ್ತೀರಿ.

ಹಳೇ_ಮೆಗ್ಗರ್
ಟೆಸ್ಟ್ ಆದ ಮೇಲೆ ಟ್ಯಾಪ್‌ನ ಮುಚ್ಚಳ, ಮೂರೂ ಫೇಸ್‌ನದು. ಹೊಸ ಓ-ರಿಂಗ್ ಹಾಕಿ, ಕೈಯಿಂದ ತಿರುಗಿಸಿ, ಒಳಗಿನ ಸ್ಪ್ರಿಂಗ್ ಟ್ಯಾಪನ್ನು ಅರ್ತ್‌ಗೆ ಮುಟ್ಟಿಸಿದೆಯಾ ಅಂತ ಮಲ್ಟಿಮೀಟರ್ ಹಿಡಿದು ನೋಡಿ. ಟ್ಯಾಪ್ ಅರ್ತ್ ತಪ್ಪಿ ತೇಲಿದರೆ ಅಲ್ಲೇ ಕಿಡಿ ಹಾರಿ ಒಳ್ಳೆಯ ಬುಶಿಂಗೂ ಹೋಗುತ್ತದೆ.

ಬಿ_ಫೇಸ್
ಮೂರಕ್ಕೂ ಓ-ರಿಂಗ್ ಬದಲಿಸುತ್ತೇವೆ. ಸ್ಪೇರ್ ಬುಶಿಂಗ್ ನಿಲ್ಲಿಸಲು ಸ್ಟ್ಯಾಂಡ್ ಇಲ್ಲ, ವೆಲ್ಡರ್‌ಗೆ ಹೇಳಿದ್ದೇನೆ. ಸ್ಟ್ಯಾಂಡ್‌ನ ಅಳತೆ ಯಾರ ಹತ್ತಿರವಾದರೂ ಇದೆಯಾ?

ಟ್ಯಾಪ್‌ಚೇಂಜರ್
ಫ್ಲ್ಯಾಂಜ್‌ನ ಬೋಲ್ಟ್ ಸರ್ಕಲ್ ಅಳೆದು ಕಳಿಸಿ, ಡ್ರಾಯಿಂಗ್ ಹಾಕುತ್ತೇನೆ. ಕೆಳಗಿನ ತುದಿ ನೆಲಕ್ಕೆ ತಾಗದಷ್ಟು ಎತ್ತರ ಇರಲಿ.